ಸವೆದದ್ದು, ಉಳಿದದ್ದು

ಪುಣೆಯ ಶುಕ್ರವಾರ ಪೇಟೆಯಲ್ಲಿ, ಬಾಜೀರಾವ್ ರಸ್ತೆಯ ಗದ್ದಲದಿಂದ ತುಸು ಒಳಗೆ, ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯವಿದೆ. ಹೆಸರು ಕೇಳಿದವರು ಅದು ಯಾವುದೋ ಸಂಸ್ಥಾನದ ಅರಸನ ಭಂಡಾರವಿರಬೇಕೆಂದು ಊಹಿಸುವುದುಂಟು. ಆದರೆ ರಾಜಾ ಎಂಬುದು ಎಳವೆಯಲ್ಲೇ ತೀರಿಹೋದ ಒಬ್ಬ ಹುಡುಗನ ಹೆಸರು. ದಿನಕರ ಗಂಗಾಧರ ಕೇಳಕರ್ ಅವನ ತಂದೆ. 1896ರಲ್ಲಿ ಹುಟ್ಟಿ 1990ರವರೆಗೆ ಬಾಳಿದವರು, ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆದವರು. 1920ರ ಆಸುಪಾಸಿನಲ್ಲಿ ಹಳೆಯ ವಸ್ತುಗಳನ್ನು ಕೂಡಿಸತೊಡಗಿ, ಪತ್ನಿ ಕಮಲಾಬಾಯಿಯವರ ಜೊತೆಗೂಡಿ ಅದನ್ನೇ ಬಾಳಿನ ಕೆಲಸವಾಗಿಸಿಕೊಂಡರು. 1960ರ ಹೊತ್ತಿಗೆ ಸುಮಾರು 15,000 ವಸ್ತುಗಳು ಸೇರಿದ್ದವು. ಇಂದು 20,000ಕ್ಕೂ ಮಿಕ್ಕಿವೆ. ಅವೆಲ್ಲಕ್ಕೂ ಸೇರಿಸಿ ಇಟ್ಟ ಹೆಸರು ಮಗನದು.

ಆ ಮನೆಯಲ್ಲಿ ಕಣ್ಣು ಹಿಡಿದು ನಿಲ್ಲಿಸುವುದು ಒಡವೆ ಕಿರೀಟಗಳಲ್ಲ, ದಿನಬಳಕೆಯ ಸಾಮಾನು. ದೀಪಗಳು, ಬೀಗಗಳು, ದೌತಿಗಳು, ಬಾಚಣಿಗೆಗಳು, ಕುಂಕುಮದ ಭರಣಿಗಳು, ಅಡುಗೆಮನೆಯ ಪಾತ್ರೆ ಪಡಗಗಳು. ಸ್ನಾನದ ಹೊತ್ತಿಗೆ ಹಿಮ್ಮಡಿ ತಿಕ್ಕಲು ಬಳಸುತ್ತಿದ್ದ, ಮರಾಠಿಯವರು ವಜ್ರಿ ಎನ್ನುವ ಹಿತ್ತಾಳೆಯ ಸಾಧನದ ಮೇಲೂ ಯಾರೋ ಕುಶಲಿ ಹಕ್ಕಿಯನ್ನು ಕೂರಿಸಿದ್ದಾನೆ. ಅಡಕತ್ತರಿಯ ಎರಡು ಹಿಡಿಗಳಿಗೆ ಯಾರೋ ಗಂಡುಹೆಣ್ಣಿನ ರೂಪ ಕೊಟ್ಟಿದ್ದಾನೆ. ಮಾಡಿದವನ ಹೆಸರು ತಿಳಿಯದು, ಬಳಸಿದವಳ ಹೆಸರೂ ತಿಳಿಯದು. ತಿಳಿಯುವುದು ಇಷ್ಟೇ: ಒಬ್ಬನ ಕೈ ಇದನ್ನು ಪ್ರೀತಿಯಿಂದ ಮಾಡಿತು, ಇನ್ನೊಬ್ಬಳ ಕೈ ಇದನ್ನು ದಿನದಿನವೂ ಹಿಡಿಯಿತು.

ಮಗುವನ್ನು ಕಳೆದುಕೊಂಡ ತಂದೆತಾಯಿ ಸಾಮಾನ್ಯವಾಗಿ ತೆಗೆದಿರಿಸುವುದು ಆ ಮಗುವಿನದೇ ಒಂದು ಅಂಗಿಯನ್ನು, ಒಂದು ಪಾಟಿಯನ್ನು, ಒಂದು ಆಟಿಗೆಯನ್ನು. ಪೆಟ್ಟಿಗೆಯ ತಳದಲ್ಲಿಟ್ಟು, ಎಂದಾದರೊಮ್ಮೆ ತೆಗೆದು ನೋಡಿ, ಮತ್ತೆ ಮುಚ್ಚುತ್ತಾರೆ. ಅದರಲ್ಲಿ ತಪ್ಪೇನಿದೆ? ದುಃಖಕ್ಕೂ ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ಆದರೆ ಇಲ್ಲಿ ಒಬ್ಬ ತಂದೆ ತನ್ನ ಮಗನ ಹೆಸರನ್ನು ಯಾರಯಾರದೋ ಮನೆಯ ದೀಪಕ್ಕೆ ಇಟ್ಟರು, ಯಾರಯಾರದೋ ಮನೆಯ ಬಾಗಿಲಿಗೆ ಇಟ್ಟರು. ಅವರ ಮನಸ್ಸಿನೊಳಗೆ ಇಣುಕುವ ಅಧಿಕಾರ ನಮಗಿಲ್ಲ. ಅವರು ಮಾಡಿದ ಕೆಲಸ ಮಾತ್ರ ಕಣ್ಣೆದುರಿಗಿದೆ. ಆ ಕೆಲಸವೇ ನಮ್ಮನ್ನು ಕೇಳುತ್ತದೆ: ಉಳಿಸುವುದೆಂದರೇನು? ಯಾವುದು ಉಳಿದರೆ ನಾವು ಉಳಿದಂತೆ?

ಈ ಪ್ರಶ್ನೆಗೆ ಪುಣೆ ಊರು ಹಿಂದೆಯೂ ಉತ್ತರ ಹುಡುಕಿತ್ತು. ಸಂಗ್ರಹಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿ ಶನಿವಾರವಾಡೆ ಇದೆ. ಪೇಶ್ವೆ ಮೊದಲನೇ ಬಾಜೀರಾಯ 1730ರಲ್ಲಿ ಅಡಿಗಲ್ಲು ಇಡಿಸಿದ ಅರಮನೆ ಅದು. ಹಿಂದೂಸ್ತಾನದ ಬಹುಭಾಗದ ಹಣೆಬರಹ ಒಂದು ಕಾಲಕ್ಕೆ ಅಲ್ಲಿ ನಿರ್ಧಾರವಾಗುತ್ತಿತ್ತು. 1828ರಲ್ಲಿ ಬಿದ್ದ ಬೆಂಕಿ ಏಳು ದಿನ ಉರಿಯಿತೆನ್ನುತ್ತಾರೆ. ತೇಗದ ಕಂಬ, ಕೆತ್ತಿದ ಚಾವಣಿ, ಬಣ್ಣದ ಗೋಡೆ ಎಲ್ಲವೂ ಹೋದವು. ಕಲ್ಲಿನ ಪಾಯ, ಕೋಟೆಗೋಡೆ, ದಿಲ್ಲಿ ದರವಾಜೆ, ಕಾರಂಜಿಯ ಗುಂಡಿ ನಿಂತವು. ಅಧಿಕಾರ ತಾನು ಉಳಿಯಬೇಕೆಂದು ಕಟ್ಟಿದ ಮನೆ ಬೂದಿಯಾಯಿತು; ಉಳಿಯುವ ಆಸೆಯೇ ಇಲ್ಲದ ಅಡಕತ್ತರಿ ಉಳಿಯಿತು. ಇದನ್ನು ನ್ಯಾಯವೆನ್ನೋಣವೇ? ಅನ್ನಲಾರೆವು. ಬೆಂಕಿಗೆ ನ್ಯಾಯ ಗೊತ್ತಿಲ್ಲ. ಅದೇ ಬೆಂಕಿಯಲ್ಲಿ ಎಷ್ಟು ಅಡಕತ್ತರಿಗಳೂ ಕರಗಿದವೋ ಹೇಳಬಲ್ಲವರಿಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ದೊಡ್ಡದಾಗಿ ಕಟ್ಟಿದ ಮಾತ್ರಕ್ಕೆ ಯಾವುದೂ ನಿಲ್ಲುವುದಿಲ್ಲ, ಚಿಕ್ಕದೆಂಬ ಕಾರಣಕ್ಕೆ ಯಾವುದೂ ಅಳಿಯುವುದಿಲ್ಲ.

ಬೆಂಕಿಯ ಸರದಿ ಮುಗಿದ ಮೇಲೆ ನೀರಿನ ಸರದಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ತಾಳಲಿಲ್ಲ. ಮುಠಾ ನದಿ ತನ್ನ ದಂಡೆಯ ಪೇಟೆಗಳೊಳಗೆ ನುಗ್ಗಿತು. ಬೆಳಿಗ್ಗೆ ಮನೆಯಾಗಿದ್ದದ್ದು ಸಂಜೆಗೆ ಕೆಸರಾಗಿತ್ತು. ಹಳೆಯ ಪುಣೇಕರರು ಈಗಲೂ ಕಾಲವನ್ನು ಪಾನಶೇತಿನ ಮುಂಚೆ, ಪಾನಶೇತಿನ ಆಮೇಲೆ ಎಂದು ಎರಡಾಗಿ ಹೇಳುವುದುಂಟು. ಇದಾದ ಹದಿನಾಲ್ಕು ವರ್ಷಕ್ಕೆ, 1975ರಲ್ಲಿ, ಕೇಳಕರ್ ತಮ್ಮ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರದ ಪುರಾತತ್ತ್ವ ಇಲಾಖೆಗೆ ಒಪ್ಪಿಸಿದರು. ಒಂದಕ್ಕೆ ಇನ್ನೊಂದು ಕಾರಣವೆಂದು ನಾನು ಹೇಳುತ್ತಿಲ್ಲ; ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಮನಸ್ಸಾಗುತ್ತದೆ, ಅಷ್ಟೇ. ಪ್ರವಾಹ ಕೇಳದೆಯೇ ಕಿತ್ತುಕೊಂಡಿತು, ಈ ಮನುಷ್ಯ ಕೇಳುವ ಮೊದಲೇ ಕೊಟ್ಟರು. ಕೊಟ್ಟ ಮೇಲೆ ಹದಿನೈದು ವರ್ಷ ಬದುಕಿದರು. ಐವತ್ತಕ್ಕೂ ಮಿಕ್ಕಿದ ವರ್ಷ ಒಂದೊಂದಾಗಿ ಕೂಡಿಸಿದ್ದು ಕಾಗದದ ಮೇಲೆ ತಮ್ಮದಲ್ಲವಾದ ಬಳಿಕ ಒಂದೂವರೆ ದಶಕ ಅದೇ ಊರಿನಲ್ಲಿ ಇರುವುದೆಂದರೆ ಸಾಮಾನ್ಯವಲ್ಲ. ಸತ್ತ ಮೇಲೆ ಬಿಟ್ಟುಹೋಗುವುದಕ್ಕೆ ಯಾವ ಗುಣವೂ ಬೇಕಾಗಿಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ಬದುಕಿದ್ದಾಗ ಬಿಡುವುದಕ್ಕೆ ಮನಸ್ಸು ಹದವಾಗಿರಬೇಕು.

ಮಂಗಳವಾರ ಪೇಟೆಯಲ್ಲಿ ಬುಧವಾರ ಮತ್ತು ಭಾನುವಾರ ಜುನಾ ಬಾಜಾರ್ ನೆರೆಯುತ್ತದೆ. ಹಳೆಯ ಬೀಗ, ಹಿತ್ತಾಳೆಯ ತಂಬಿಗೆ, ಹಿಡಿ ಮುರಿದ ಸೌಟು, ಮುಳ್ಳು ನಿಂತ ಗಡಿಯಾರ ನೆಲದ ಮೇಲೆ ಹರಡಿಕೊಂಡಿರುತ್ತವೆ. ಪೇಟೆಗಳ ಹಳೆಯ ವಾಡೆಗಳು ಒಂದೊಂದಾಗಿ ಕೆಡವಿಸಿಕೊಂಡು ಅಪಾರ್ಟ್‌ಮೆಂಟುಗಳಾಗುತ್ತಿರುವ ಊರಿದು. ಹೊಸ ಮನೆಯ ಅಟ್ಟದಲ್ಲಿ ಅಜ್ಜಿಯ ಹಂಡೆಗೆ ಜಾಗವಿಲ್ಲ. ಇಲ್ಲಿ ನೆಲದ ಮೇಲೆ ಬಿದ್ದಿರುವ ಅಡಕತ್ತರಿಗೂ ಅಲ್ಲಿ ಗಾಜಿನೊಳಗಿರುವ ಅಡಕತ್ತರಿಗೂ ಲೋಹದಲ್ಲಿ ಭೇದವಿಲ್ಲ, ಕೆಲಸಗಾರಿಕೆಯಲ್ಲೂ ಹೆಚ್ಚಿನ ಭೇದವಿಲ್ಲ. ಇದನ್ನು ಬಳಸಿದ ಕೈ ಯಾವುದಿರಬಹುದೆಂದು ಅಲ್ಲಿ ಒಬ್ಬರು ನಿಂತು ಯೋಚಿಸಿದರು, ಇಲ್ಲಿ ಇನ್ನೂ ಯಾರೂ ಯೋಚಿಸಿಲ್ಲ. ಬೆಲೆಯೆಂಬುದು ವಸ್ತುವಿನೊಳಗೆ ಕುಳಿತಿರುವುದಿಲ್ಲ. ಯಾರಾದರೂ ಗಮನ ಕೊಟ್ಟಾಗ ಹುಟ್ಟುತ್ತದೆ, ಗಮನ ತಪ್ಪಿದಾಗ ತೂಕಕ್ಕೆ ಇಳಿಯುತ್ತದೆ.

ಆದರೆ ಗಮನ ಎಲ್ಲಿ ನಿಲ್ಲುತ್ತದೆ? ಹಿಡಿ ಸವೆದು ನುಣುಪಾದ ಕಡೆ, ಅಂಚು ತಗ್ಗಿದ ಕಡೆ, ಮಸಿ ಆಳಕ್ಕಿಳಿದ ಕಡೆ. ಎಂದೂ ಬಳಕೆಯಾಗದೆ ಹೊಸದಾಗಿಯೇ ಉಳಿದ ಪಾತ್ರೆ ನಮಗೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಆಯುಸ್ಸಿದೆ, ಬಾಳಿಲ್ಲ. ಸವೆದದ್ದು ಮಾತಾಡುತ್ತದೆ, ಏಕೆಂದರೆ ಅದು ಕಳೆದುಕೊಂಡಷ್ಟನ್ನೂ ಯಾರದೋ ಉಪಯೋಗಕ್ಕೆ ಕೊಟ್ಟಿದೆ. ನಾವು ಸವೆತವನ್ನು ನಷ್ಟದ ಲೆಕ್ಕಕ್ಕೆ ಬರೆಯುತ್ತೇವೆ. ಈ ಮನೆಯಲ್ಲಿ ನಿಂತಾಗ ಅದು ಜಮೆಯ ಕಡೆಗೆ ಸೇರಬೇಕಿತ್ತಲ್ಲವೇ ಎನಿಸುತ್ತದೆ.

ಇಲ್ಲಿಗೆ ಮುಗಿಸಿದ್ದರೆ ವಿಚಾರ ಸುಲಭವಿತ್ತು. ಆದರೆ ಅದೇ ಸಂಗ್ರಹಾಲಯದಲ್ಲಿ ವಾದ್ಯಗಳಿವೆ. ತಂತಿಯವು, ಚರ್ಮದವು, ಊದುವವು. ಮರ ಚೆನ್ನಾಗಿದೆ, ಕೆತ್ತನೆ ಚೆನ್ನಾಗಿದೆ, ನಾದ ಮಾತ್ರ ಇಲ್ಲ. ಸೌಟನ್ನು ನೋಡಿದರೆ ಅಡುಗೆಯನ್ನು ಊಹಿಸಬಹುದು, ವಾದ್ಯವನ್ನು ನೋಡಿ ರಾಗವನ್ನು ಊಹಿಸಲಾಗದು. ಇದೇ ಊರಿನ ಪುರಾಭಿಲೇಖಾಗಾರದಲ್ಲಿ ಪೇಶ್ವೆಯವರ ದಫ್ತರವಿದೆ. ಬಟ್ಟೆಯ ರುಮಾಲುಗಳಲ್ಲಿ ಕಟ್ಟಿಟ್ಟ ಲಕ್ಷಗಟ್ಟಲೆ ಕಾಗದಗಳು, ಬಹುಪಾಲು ಮೋಡಿ ಲಿಪಿಯವು. ಅರಮನೆ ಸುಟ್ಟಿತು, ಅದರ ಲೆಕ್ಕಪತ್ರ ಉಳಿಯಿತು. ಆದರೆ ಮೋಡಿಯನ್ನು ಸರಾಗವಾಗಿ ಓದಬಲ್ಲವರು ಇಂದು ವಿರಳ. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಹಳೆಯ ಮನೆತನಗಳಲ್ಲೂ ಅಜ್ಜನ ಕಾಲದ ಮೋಡಿ ಕಾಗದಗಳು ಪೆಟ್ಟಿಗೆಯಲ್ಲಿ ಇರುವುದುಂಟು. ಕಾಗದ ಇದೆ, ಅದು ಹೊಲದ್ದೋ ಸಾಲದ್ದೋ ಹೇಳಬಲ್ಲವರಿಲ್ಲ. ಹಾಗಾದರೆ ಉಳಿದದ್ದು ಏನು? ಕಾಗದ ಉಳಿದು ಓದು ಹೋದರೆ, ವಾದ್ಯ ಉಳಿದು ನುಡಿಸುವ ಬೆರಳು ಹೋದರೆ, ಅದನ್ನು ಉಳಿಕೆ ಎನ್ನಲು ನಾಲಿಗೆ ತಡವರಿಸುತ್ತದೆ.

ಈ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಪುಣೆಗೆ ತೋರಿಸಿಕೊಟ್ಟವರು ಕನ್ನಡನಾಡಿನಿಂದ ಬಂದರು. ಧಾರವಾಡ ಸೀಮೆಯ ಕುಂದಗೋಳದ ರಾಮಭಾವು, ಲೋಕಕ್ಕೆ ಸವಾಯಿ ಗಂಧರ್ವರು, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. 1942ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಹಾಡುವ ಬಾಳು ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಉಸಿರಿನ ಬಾಳು ಇನ್ನೂ ಹತ್ತು ವರ್ಷ ಉಳಿದಿತ್ತು. ಗಾಯಕನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ನಷ್ಟ ಯಾವುದಿದೆ? ಆದರೆ ಅವರು ಕಲಿಸುವುದನ್ನು ಬಿಡಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಕಲಿತ ಗಂಗೂಬಾಯಿ ಹಾನಗಲ್ ಇದ್ದರು. ಗದಗಿನ ಕಡೆಯಿಂದ ಬಂದ ಭೀಮಸೇನ ಜೋಶಿ ಇದ್ದರು. ಗುರುವಿನ ಕಂಠ ಅಡಗಿದ ಹೊತ್ತಿಗೆ ಅದು ಆಗಲೇ ಬೇರೆ ಕಂಠಗಳಲ್ಲಿ ಮನೆ ಮಾಡಿತ್ತು. 1952ರ ಸೆಪ್ಟೆಂಬರಿನಲ್ಲಿ ಸವಾಯಿ ಗಂಧರ್ವರು ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಗುರುವಿನ ನೆನಪಿಗೆಂದು ಭೀಮಸೇನರು ಮುಂದೆ ನಿಂತು ಪುಣೆಯಲ್ಲಿ ಸಂಗೀತೋತ್ಸವ ತೊಡಗಿಸಿದರು. ಅದು ನಾಡಿನ ದೊಡ್ಡ ಉತ್ಸವಗಳಲ್ಲೊಂದಾಗಿ ಬೆಳೆಯಿತು.

ಭೀಮಸೇನರು ಹನ್ನೊಂದನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟದ್ದಕ್ಕೆ ಒಂದು ಪ್ರೇರಣೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು. ಅರಗಿನ ತಟ್ಟೆಯೊಳಗೆ ಕಾದಿಟ್ಟ ದನಿ ಹುಡುಗನನ್ನು ಎಬ್ಬಿಸಿತು. ಆದರೆ ಆ ತಟ್ಟೆ ಅವನಿಗೆ ಹಾಡು ಕಲಿಸಲಿಲ್ಲ. ಕಲಿಯಲು ಅಲೆಯಬೇಕಾಯಿತು, ಕುಂದಗೋಳದಲ್ಲಿ ಗುರುವಿನ ಮನೆಗೆ ನೀರು ಹೊರಬೇಕಾಯಿತು, ಒಂದೇ ಸ್ವರದ ಮೇಲೆ ದಿನಗಟ್ಟಲೆ ಕೂರಬೇಕಾಯಿತು. ಕಾದಿಟ್ಟದ್ದು ಕರೆಯಬಲ್ಲದು, ಕಲಿಸಲಾರದು. ಕಲಿಸಲು ಸಾಯುವ ಮನುಷ್ಯನೇ ಬೇಕು.

ರಾತ್ರಿ ಮಲಗುವ ಮುಂಚೆ ಹಾಲಿಗೆ ಹೆಪ್ಪು ಹಾಕುವವರಿಗೆ ಇದು ಹೊಸ ಮಾತಲ್ಲ. ಇಂದಿನ ಮೊಸರಿನಲ್ಲಿ ನಿನ್ನೆಯದು ಇದೆ, ನಿನ್ನೆಯದರಲ್ಲಿ ಮೊನ್ನೆಯದು ಇದೆ. ಆದರೆ ಮೊನ್ನೆಯ ಮೊಸರನ್ನು ತೋರಿಸು ಎಂದರೆ ಯಾರೂ ತೋರಿಸಲಾರರು. ಅದನ್ನು ಕಾಪಾಡುವ ದಾರಿ ಒಂದೇ, ಇಂದಿನ ಹಾಲಿನಲ್ಲಿ ಅದನ್ನು ಕಳೆಯುವುದು. ಹನ್ನೆರಡನೆಯ ಶತಮಾನದ ಶರಣರು ಸ್ಥಾವರ ಜಂಗಮಗಳ ನಡುವೆ ಗೆರೆ ಎಳೆದು ನಡೆಯುವುದರ ಪಕ್ಷ ಹಿಡಿದರು. ನಾವು ಆ ಮಾತನ್ನು ಸ್ಥಾವರದ ತಿರಸ್ಕಾರವೆಂದು ಬಗೆದು ಎಷ್ಟೋ ಸಲ ಮುಂದೆ ಸಾಗುತ್ತೇವೆ. ಕೇಳಕರರ ಮನೆಯನ್ನೂ ಸವಾಯಿ ಗಂಧರ್ವರ ಉತ್ಸವವನ್ನೂ ಒಟ್ಟಿಗೆ ನೆನೆದಾಗ ನನಗೆ ಬೇರೆ ಬಗೆಯಾಗಿ ತೋರುತ್ತದೆ. ನಿಂತದ್ದು ನಡೆದುದರ ಗುರುತು, ನಡೆಯುವುದು ನಿಂತದ್ದರ ಉಸಿರು. ಗುರುತಿಲ್ಲದ ನಡೆ ಮರೆತುಹೋಗುತ್ತದೆ, ಉಸಿರಿಲ್ಲದ ಗುರುತು ಕಸವಾಗುತ್ತದೆ.

ಈ ಮಾತಿಗೂ ಒಂದು ಮಿತಿಯಿದೆ, ಅದನ್ನು ಮರೆಮಾಚಬಾರದು. ಸವೆದವರು ಉಳಿದರು, ಕೊಟ್ಟವರು ಉಳಿದರು ಎನ್ನುತ್ತೇವೆ. ಸವೆಯಲು ಕಾಲವೇ ಸಿಗದವರ ಗತಿ ಏನು? ಹುಡುಗ ರಾಜಾ ಯಾರಿಗೂ ಏನನ್ನೂ ಕಲಿಸಲಿಲ್ಲ, ಯಾವ ವಸ್ತುವನ್ನೂ ಬಳಸಿ ನುಣುಪಾಗಿಸಲಿಲ್ಲ. ಬಾಳಿನ ಸಾರ್ಥಕತೆಯನ್ನು ಮಾಡಿದ ಕೆಲಸದಿಂದಲೇ ಅಳೆಯುವುದಾದರೆ ಆ ಅಳತೆಗೆ ಅವನು ಸಿಗುವುದೇ ಇಲ್ಲ. ಅಂಥ ಅಳತೆಗೋಲೇ ಕುಂದಿನದು ಎಂದು ಒಪ್ಪುವುದು ಲೇಸು. ಒಬ್ಬರ ಬಾಳಿಗೆ ಅರ್ಥ ಬರುವುದು ಅವರು ಮಾಡಿದ್ದರಿಂದ ಮಾತ್ರವಲ್ಲ. ಅವರನ್ನು ಪ್ರೀತಿಸಿದವರು ಆ ಪ್ರೀತಿಯನ್ನು ಎತ್ತ ತಿರುಗಿಸಿದರು ಎಂಬುದರಿಂದಲೂ ಬರುತ್ತದೆ. ಇದು ಸತ್ತವರ ಋಣವಲ್ಲ, ಬದುಕಿದವರ ಪಾಲಿಗೆ ಬಿಟ್ಟ ಕೆಲಸ. ಎಲ್ಲ ದುಃಖವೂ ಸಂಗ್ರಹಾಲಯವಾಗಬೇಕಿಲ್ಲ. ಒಬ್ಬ ಬಡ ಹುಡುಗನ ಫೀಸಾಗಬಹುದು, ನೆರೆಮನೆಯ ಮುದುಕರಿಗೆ ದಿನಕ್ಕೊಮ್ಮೆ ಹೋಗಿ ಕೇಳುವ ಕ್ಷೇಮಸಮಾಚಾರವಾಗಬಹುದು.

ಕೆಲವು ನಷ್ಟಗಳು ತುಂಬಿ ಬರುವುದೂ ಇಲ್ಲ. ಸವಾಯಿ ಗಂಧರ್ವ ಉತ್ಸವ ಒಂದು ಕಾಲಕ್ಕೆ ರಾತ್ರಿಯಿಡೀ ನಡೆದು ಬೆಳಗಿನ ರಾಗಗಳಲ್ಲಿ ಮುಗಿಯುತ್ತಿತ್ತು. ರಾತ್ರಿ ಧ್ವನಿವರ್ಧಕ ಬಳಸಲು ನಿರ್ಬಂಧ ಬಂದ ಮೇಲೆ ಆ ಕ್ರಮ ನಿಂತಿತು. ನಿಯಮ ತಪ್ಪೆನ್ನಲಾಗದು, ಪಕ್ಕದ ಮನೆಯಲ್ಲಿ ರೋಗಿಯೂ ಮಲಗಿರುತ್ತಾನೆ. ನಷ್ಟ ಸುಳ್ಳೆನ್ನಲೂ ಆಗದು, ಆ ಹೊತ್ತಿನ ರಾಗಗಳಿಗೆ ಆ ಹೊತ್ತೇ ಬೇಕು. ಎರಡೂ ನಿಜವಾಗಿರುವಲ್ಲಿ ಯಾರನ್ನು ದೂರುವುದು? ಕಾಲದ ಜೊತೆ ನಮ್ಮ ಬಹುಪಾಲು ಜಗಳಗಳು ಹೀಗೆ ಎದುರಾಳಿಯಿಲ್ಲದ ಜಗಳಗಳು. 2011ರ ಜನವರಿಯಲ್ಲಿ ಭೀಮಸೇನರೂ ಹೋದರು. ಉತ್ಸವದ ಹೆಸರಿನಲ್ಲಿ ಈಗ ಗುರುಶಿಷ್ಯರಿಬ್ಬರೂ ಇದ್ದಾರೆ.

ದೊಡ್ಡವರ ಮಾತಾಯಿತು. ನಮ್ಮ ನಿಮ್ಮ ಮನೆಗಳ ಮಾತು ಇದಕ್ಕಿಂತ ಬೇರೆಯೇ? ಬೀರುವಿನಲ್ಲಿ ಒಳ್ಳೆಯ ಸೀರೆ ಒಳ್ಳೆಯ ದಿನಕ್ಕೆಂದು ಕಾದು ಮಡಿಕೆಯಲ್ಲೇ ಹರಿಯುತ್ತದೆ. ಒಳ್ಳೆಯ ತಟ್ಟೆಗಳು ಅತಿಥಿಗಳಿಗೆಂದು ಕಾದು ಅತಿಥಿಗಳೇ ಹೋಟೆಲಿನಲ್ಲಿ ಊಟ ಮಾಡಿ ಹೋಗುತ್ತಾರೆ. ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಆ ಚಿತ್ರದಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡದೆ ವರ್ಷವಾಗಿರುತ್ತದೆ. ಅಮ್ಮನ ಕೈಯ ಮೆಣಸಿನಪುಡಿಯ ರುಚಿಯನ್ನು ಹೊಗಳುತ್ತೇವೆ, ಹುರಿಯುವಾಗ ಪಕ್ಕದಲ್ಲಿ ನಿಂತು ಹದ ನೋಡಿಕೊಳ್ಳುವುದಿಲ್ಲ. ಇಡುವುದರಲ್ಲಿ ನಾವು ಜಾಣರು, ಬಳಸುವುದರಲ್ಲಿ ಬಡವರು, ದಾಟಿಸುವುದರಲ್ಲಿ ಸೋಮಾರಿಗಳು. ಸಾರ್ಥಕವಾಗಿ ಬಾಳುವುದಕ್ಕೆ ದೊಡ್ಡ ಸಂಕಲ್ಪ ಬೇಕೆಂದು ಹೊಸ ವರ್ಷಕ್ಕೆ ಕಾಯುವುದಕ್ಕಿಂತ, ದಿನದ ಕೊನೆಗೆ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕೇನೋ: ಇಂದು ನಾನು ಎಲ್ಲಿ ಸವೆದೆ, ಆ ಸವೆತ ಯಾರಿಗೆ ದಕ್ಕಿತು? ದುಡಿದು ಬೇಯುವುದೆಲ್ಲ ಸವೆತವಲ್ಲ. ಸಿಟ್ಟಿನಲ್ಲಿ ಸವೆದದ್ದು, ಹೋಲಿಕೆಯಲ್ಲಿ ಸವೆದದ್ದು, ಟ್ರಾಫಿಕ್ಕಿನಲ್ಲಿ ನಿಂತು ಲೋಕವನ್ನು ಬಯ್ಯುತ್ತ ಸವೆದದ್ದು ಯಾರ ಕೈಗೂ ಸಿಗದೆ ಹೋಗುತ್ತದೆ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಜ್ಜ ಊರಿನಿಂದ ಬಂದಾಗ ತಂದ ಕನ್ನಡ ಪುಸ್ತಕಗಳು ಕಪಾಟಿನಲ್ಲಿ ಜೋಪಾನವಾಗಿವೆ. ಮಗ ತಲೆಬರಹ ಓದಬಲ್ಲ, ಮೊಮ್ಮಗಳಿಗೆ ಅಕ್ಷರ ಬಾರದು. ದಫ್ತರದ ಮೋಡಿ ರುಮಾಲಿಗೂ ಈ ಕಪಾಟಿಗೂ ನಡುವೆ ಇರುವುದು ಕೆಲವೇ ದಶಕಗಳ ಅಂತರ. ಪುಸ್ತಕಕ್ಕೆ ನುಸಿಗುಳಿಗೆ ಇಡುವವರಿದ್ದಾರೆ; ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಪುಟ ಓದುವವರು ಕಡಿಮೆ. ಮಗು ಕನ್ನಡ ಮಾತಾಡಲು ಹೊರಟರೂ ನಮಗೆ ಸಮಾಧಾನವಿಲ್ಲ. ಅದು ನಡುವೆ ಮರಾಠಿ ಸೇರಿಸುತ್ತದೆ, ಲಿಂಗ ತಪ್ಪಿಸುತ್ತದೆ, ಅಜ್ಜನನ್ನು ‘ಅವನು’ ಎನ್ನುತ್ತದೆ. ಮೂರು ಸಲ ತಿದ್ದಿಸಿಕೊಂಡ ಮಗು ನಾಲ್ಕನೇ ಸಲ ಮರಾಠಿಗೋ ಇಂಗ್ಲಿಷಿಗೋ ತಿರುಗುತ್ತದೆ. ಶುದ್ಧವಾಗಿ ಉಳಿಯಲಿ ಎಂದು ನಾವು ಬಯಸಿದ್ದು ಉಳಿಯದೇ ಹೋಗುತ್ತದೆ.

ದಾಟಿಸುವುದರಲ್ಲಿ ಅತ್ಯಂತ ಕಷ್ಟದ ಭಾಗ ಇದೇ. ಕೊಡುವುದು ಒಂದು ಬಿಡುವಿಕೆ, ಕೊಟ್ಟದ್ದು ಬದಲಾಗುವುದನ್ನು ನೋಡುತ್ತ ಸುಮ್ಮನಿರುವುದು ಇನ್ನೂ ದೊಡ್ಡ ಬಿಡುವಿಕೆ. ಭೀಮಸೇನರ ಗಾಯನ ಗುರುವಿನ ಗಾಯನದ ಪಡಿಯಚ್ಚಾಗಲಿಲ್ಲ, ಗಂಗೂಬಾಯಿಯವರದು ಇಬ್ಬರದೂ ಆಗಲಿಲ್ಲ. ಆದ್ದರಿಂದಲೇ ಅದು ನಡೆಯಿತು. ಮುಂದಿನವರು ನಮ್ಮಿಂದ ಪಡೆದದ್ದನ್ನು ತಮ್ಮ ಕೈಗೆ ಹೊಂದುವಂತೆ ತಿರುಚುತ್ತಾರೆ. ನಮ್ಮ ಸಾರಿಗೆ ಬೆಲ್ಲ ಹೆಚ್ಚು ಹಾಕುತ್ತಾರೆ, ಗೋಡಾ ಮಸಾಲೆ ಬೆರೆಸುತ್ತಾರೆ, ನಮ್ಮ ಮಾತಿಗೆ ತಮ್ಮ ಊರಿನ ರಾಗ ಕೊಡುತ್ತಾರೆ. ಆಗ ‘ನಮ್ಮದು ಹೋಯಿತು’ ಎನ್ನುವ ಬಾಯಿಯನ್ನು ತುಸು ತಡೆದರೆ, ಹೋದದ್ದು ನಮ್ಮ ಒಡೆತನ ಮಾತ್ರ ಎಂದು ತಿಳಿದೀತು. ಅಳಿಯುವ ಲೋಕದಲ್ಲಿ ಅಳಿಯದ್ದನ್ನು ಹುಡುಕುವವರು ಹುಡುಕಲಿ. ನಮ್ಮ ಪಾಲಿಗೆ ಅದಕ್ಕಿಂತ ಹತ್ತಿರದ ಕೆಲಸವಿದೆ: ಚೆನ್ನಾಗಿ ಬಲ್ಲ ಒಂದನ್ನು, ಅದು ಹಾಡೋ ಅಡುಗೆಯೋ ಅಕ್ಷರವೋ, ಇನ್ನೊಬ್ಬರ ಪಕ್ಕದಲ್ಲಿ ಕೂತು ಕಲಿಸುವುದು, ಅವರು ಅದನ್ನು ಮೊದಮೊದಲು ಕೆಡಿಸುವುದನ್ನು ಸಹಿಸುವುದು, ಅವರು ಅದನ್ನು ಬೇರೆಯಾಗಿ ಮಾಡಿ ತೋರಿಸಿದ ದಿನ, ಬೇರೆಯಾದದ್ದಕ್ಕೆ ಕೊರಗದೆ, ಒಂದು ತುತ್ತು ಹೆಚ್ಚು ಬಡಿಸಿಕೊಳ್ಳುವುದು.